ಸಿಗಡಿ ಪ್ರೋಟೀನಿಗೆ ಅಂಟುವ ಡಿಎನ್‌ಎ ಎಳೆಯನ್ನು ಆರಿಸುವುದು ಹೇಗೆ: ಸೆಲೆಕ್ಸ್ ಪ್ರಯೋಗಕ್ಕೊಂದು ಸಮಗ್ರ ಮಾರ್ಗದರ್ಶಿ

ಮೇಲಿನಿಂದ ಕೆಳಗಿನವರೆಗೆ ಹೊಗೆಯಂತೆ ಹರಡಿದ ಮಬ್ಬು. 80 ಅಕ್ಷರ ಉದ್ದದ ಡಿಎನ್‌ಎ ಎಳೆಯ ಜಾಗದಲ್ಲಿ ಇರಬೇಕಾದ ಚೂಪು ಗೆರೆ ನಾಪತ್ತೆ. ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಇಂಥದೊಂದು ಜೆಲ್ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ವರ್ಷಕ್ಕೆ ನಾಲ್ಕಾರು ಸಂಶೋಧನಾ ವಿದ್ಯಾರ್ಥಿಗಳು ಕಾರವಾರದ ನಮ್ಮ ಪುಟ್ಟ ಪ್ರಯೋಗಾಲಯಕ್ಕೆ ಬರುತ್ತಾರೆ. ಎಲ್ಲರದೂ ಸೆಲೆಕ್ಸ್ ಪ್ರಯೋಗದ ಐದನೇ ಅಥವಾ ಆರನೇ ಸುತ್ತು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಗುರಿ ಅಣು ಕೆಟ್ಟದ್ದೇ, ಲೈಬ್ರರಿ (ಶುರುವಿನ ಡಿಎನ್‌ಎ ಎಳೆಗಳ ಸಂಗ್ರಹ) ಕೆಟ್ಟದ್ದೇ? ಹೆಚ್ಚಿನ ಸಲ ಎರಡೂ ಅಲ್ಲ. ಕೆಟ್ಟಿರುವುದು ಹೆಜ್ಜೆಗಳ ಕ್ರಮ.

ಸೆಲೆಕ್ಸ್‌ನ ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಕೋಟ್ಯಂತರ ಬೇರೆ ಬೇರೆ ಡಿಎನ್‌ಎ ಎಳೆಗಳನ್ನು ಗುರಿ ಅಣುವಿನ ಜೊತೆ ಬಿಡಬೇಕು, ಅಂಟದವನ್ನು ತೊಳೆದು ಚೆಲ್ಲಬೇಕು, ಅಂಟಿದವನ್ನು ಬಿಡಿಸಿ ಪಿಸಿಆರ್ ಎಂಬ ನಕಲು ತೆಗೆಯುವ ವಿಧಾನದಲ್ಲಿ ಹೆಚ್ಚಿಸಬೇಕು, ಮತ್ತೆ ಒಂಟಿ ಎಳೆ ಮಾಡಿ ಗುರಿಯ ಜೊತೆ ಬಿಡಬೇಕು. ಹೀಗೆ ಎಂಟು, ಹತ್ತು ಸುತ್ತು. ಉಳಿಯುವ ಎಳೆಯೇ ಆಪ್ಟಾಮರ್. ಕೊಳವೆಗೆ ನಿಮ್ಮ ಉದ್ದೇಶ ಗೊತ್ತಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಪ್ಲಾಸ್ಟಿಕ್ಕಿಗೆ ಅಂಟುವ ಎಳೆ, ಗುರಿಯನ್ನು ಹೊತ್ತ ಮಣಿಗೆ ಅಂಟುವ ಎಳೆ, ಪಿಸಿಆರ್‌ನಲ್ಲಿ ಬೇಗ ಬೆಳೆಯುವ ಎಳೆ, ಎಲ್ಲವೂ ಅದರ ಲೆಕ್ಕದಲ್ಲಿ ಗೆದ್ದ ಎಳೆಗಳೇ.

ಉದಾಹರಣೆಗೆ ಸಿಗಡಿಯ ಟ್ರೋಪೋಮಯೋಸಿನ್ ಎಂಬ ಪ್ರೋಟೀನನ್ನು ಇಟ್ಟುಕೊಂಡಿದ್ದೇನೆ. ಶೆಟ್ಲಿ, ಅಂದರೆ ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳುವವರಲ್ಲಿ ಹೆಚ್ಚಿನವರಿಗೆ ಕಾಟ ಕೊಡುವುದು ಇದೇ. ಬೈತಖೋಲ್ ಬಂದರಿನಲ್ಲಿ ಬೆಳಿಗ್ಗೆ ತಾಜಾ ಸಿಗಡಿ ಸಿಗುವುದರಿಂದ ಗುರಿ ಅಣುವಿಗೆ ಖರ್ಚಿಲ್ಲ, ಕುದಿಸಿದರೂ ಅದು ಸುಲಭಕ್ಕೆ ಕೆಡುವುದಿಲ್ಲ. ಸಿಗಡಿ ಅಲರ್ಜಿ ಇರುವವರು ಅರೆಯುವ, ಪುಡಿ ಮಾಡುವ ಕೆಲಸಕ್ಕೆ ಕೈ ಹಾಕಬಾರದು. ಧೂಳು, ಹಬೆಯಿಂದಲೂ ತೊಂದರೆಯಾಗುತ್ತದೆ.

ಹಂತ 1: ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದವು

ಪಿಸಿಆರ್ ಯಂತ್ರ, ಸಾಧ್ಯವಾದರೆ ನಕಲಾಗುತ್ತಿರುವಾಗಲೇ ಅಳೆಯುವ ರಿಯಲ್‌ಟೈಮ್ ಪಿಸಿಆರ್ ಕೂಡ. ಕಾಂತೀಯ ಮಣಿಗಳು ಎರಡು ಬಗೆಯವು: ಗುರಿಯನ್ನು ಕೂರಿಸಲು ಕಾರ್ಬಾಕ್ಸಿಲ್ ಮಣಿ, ಎಳೆ ಬೇರ್ಪಡಿಸಲು ಸ್ಟ್ರೆಪ್ಟಾವಿಡಿನ್ ಮಣಿ. ಡಿಎನ್‌ಎ ಅಂಟಿಕೊಳ್ಳದ ಕೊಳವೆಗಳು, ಮಣಿ ಹಿಡಿಯುವ ಕಾಂತ, ಲಂಬ ಜೆಲ್ ಸಲಕರಣೆ, ಯೀಸ್ಟ್ ಟಿಆರ್‌ಎನ್‌ಎ (ಒಂದು ಬಗೆಯ ಆರ್‌ಎನ್‌ಎ), ಬಿಎಸ್‌ಎ (ದನದ ರಕ್ತದ ಪ್ರೋಟೀನ್), ಟ್ವೀನ್-20 (ಸೌಮ್ಯ ಮಾರ್ಜಕ). ಜೆಲ್ ಮಾಡುವ ಅಕ್ರಿಲಮೈಡ್ ಗಟ್ಟಿಯಾಗುವ ಮೊದಲು ನರಗಳಿಗೆ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ.

ಎರಡು ಬಗೆಯ ಮಣಿ ಏಕೆಂದು ಕೇಳುವವರಿಗೆ ನನ್ನದೇ ಕಥೆ. ಮೊದಲ ಸಲ ನಾನು ಗುರಿಯನ್ನೂ ಸ್ಟ್ರೆಪ್ಟಾವಿಡಿನ್ ಮಣಿಯ ಮೇಲೆಯೇ ಕೂರಿಸಿದ್ದೆ. ಐದು ತಿಂಗಳ ದುಡಿಮೆಯ ಕೊನೆಯಲ್ಲಿ ಸೊಗಸಾದ, ಗಟ್ಟಿಯಾಗಿ ಅಂಟುವ ಎಳೆಗಳು ಸಿಕ್ಕವು. ಅಂಟುತ್ತಿದ್ದುದು ಸ್ಟ್ರೆಪ್ಟಾವಿಡಿನ್‌ಗೆ! ಆ ಪ್ರೋಟೀನಿಗೆ ಡಿಎನ್‌ಎ ಬಲು ಸುಲಭವಾಗಿ ಒಲಿಯುತ್ತದೆ. ಎಳೆ ಬೇರ್ಪಡಿಸುವಾಗಲೂ ಗುರಿ ಹಿಡಿಯುವಾಗಲೂ ಒಂದೇ ಮಣಿ ಬಳಸಿದರೆ ಪ್ರತಿ ಸುತ್ತಿನಲ್ಲಿ ಎರಡೆರಡು ಸಲ ತಪ್ಪು ಗುರಿಗೆ ಆಯ್ಕೆ ನಡೆಸಿದಂತೆ.

ಕರಾವಳಿಯವರಿಗೆ ಇನ್ನೆರಡು ಮಾತು. ಒಣಗಿಸಿದ ಡಿಎನ್‌ಎ ಸಾಮಾನ್ಯ ತಾಪದಲ್ಲೇ ಬರಬಹುದು, ಆದರೆ ಕಿಣ್ವಗಳಿಗೆ ತಂಪು ಬೇಕೇ ಬೇಕು. ಮಳೆಗಾಲದಲ್ಲಿ ಘಟ್ಟದ ಮೇಲೆ ಮಣ್ಣು ಜರಿದು ರಸ್ತೆ ಮುಚ್ಚಿತೆಂದರೆ ಪೆಟ್ಟಿಗೆಯೊಳಗಿನ ಒಣ ಮಂಜುಗಡ್ಡೆ ಆವಿಯಾಗಿ ಹೋಗುತ್ತದೆ. ಕಿಣ್ವಗಳನ್ನು ಮೇ ತಿಂಗಳೊಳಗೆ ತರಿಸಿಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮುಚ್ಚಳವನ್ನು ಆ ಕ್ಷಣವೇ ತೆರೆಯಲೂಬೇಡಿ. ಜೂನ್ ತಿಂಗಳ ಗಾಳಿಯಲ್ಲಿ ಒಳಗೆ ಹನಿಗಟ್ಟಲು ಅರೆ ನಿಮಿಷ ಸಾಕು. ಮಣಿಗೆ ಪ್ರೋಟೀನ್ ಬೆಸೆಯುವ ಇಡಿಸಿ ಎಂಬ ಪುಡಿ ತೇವ ಹೀರಿದರೆ ಕೆಲಸಕ್ಕೆ ಬಾರದು.

ಹಂತ 2: ಗುರಿಯನ್ನು ಶುದ್ಧ ಮಾಡುವುದು

ಸಿಪ್ಪೆ ಬಿಡಿಸಿದ ಸಿಗಡಿಯ ಮಾಂಸವನ್ನು ತಂಪಾದ ಅಸಿಟೋನಿನಲ್ಲಿ ಅರೆದು, ಸೋಸಿ, ಒಣಗಿಸಿ ಪುಡಿ ಮಾಡಿ. ಅಸಿಟೋನ್ ಇರುವ ಕೋಣೆಯಲ್ಲಿ ಬೆಂಕಿ, ಕಿಡಿ ಸುಳಿಯಬಾರದು. ಪುಡಿಯನ್ನು 1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಕಲಕುತ್ತಿರಲು ಬಿಡಿ. ತಿಳಿಯ ಪಿಎಚ್ ಅನ್ನು ನಿಧಾನವಾಗಿ 4.6ಕ್ಕೆ ಇಳಿಸಿದರೆ ಟ್ರೋಪೋಮಯೋಸಿನ್ ಮೊಸರೊಡೆದಂತೆ ತಳ ಸೇರುತ್ತದೆ. ಅದನ್ನು ಮತ್ತೆ ಪಿಎಚ್ 7ರಲ್ಲಿ ಕರಗಿಸಿ, ಅಮೋನಿಯಂ ಸಲ್ಫೇಟಿನಿಂದ ಇನ್ನೊಮ್ಮೆ ಶುದ್ಧ ಮಾಡಿ, ಆ ಲವಣ ಹೊರಹೋಗಲು ಪೊರೆಯ ಚೀಲದಲ್ಲಿಟ್ಟು ಡಯಾಲಿಸಿಸ್ ಮಾಡಿ.

ಡಯಾಲಿಸಿಸ್‌ನಲ್ಲಿ ಜುಗ್ಗತನ ಬೇಡ. ಉಳಿದ ಅಮೋನಿಯಂ ಮಣಿಯ ಮೇಲೆ ನಿಮ್ಮ ಪ್ರೋಟೀನಿನ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಲ್ಲಿ 36 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಒಂದೇ ದಪ್ಪ ಪಟ್ಟಿ ಕಾಣಬೇಕು. ಎರಡನೇ ಪಟ್ಟಿ ಕಂಡರೆ ಮುಂದೆ ಹೋಗಬೇಡಿ. ಎಳೆಗಳು ಆ ಎರಡನೆಯದನ್ನೇ ಇಷ್ಟಪಡಬಹುದು.

ಪ್ರಮಾಣ ಅಳೆಯುವಾಗ 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ಓದನ್ನು ನಂಬಬೇಡಿ. ಆ ಬೆಳಕನ್ನು ಹೀರುವ ಟ್ರಿಪ್ಟೋಫ್ಯಾನ್ ಈ ಪ್ರೋಟೀನಿನಲ್ಲಿ ಇಲ್ಲವೇ ಇಲ್ಲ, ಟೈರೋಸಿನ್ ಕೂಡ ಕಡಿಮೆ. ಓದು ನಗಣ್ಯವಾಗಿ ಬರುತ್ತದೆ, ನೀವು ಪ್ರೋಟೀನೇ ಇಲ್ಲವೆಂದು ಚೆಲ್ಲುತ್ತೀರಿ. ಬಣ್ಣದ ಬದಲಾವಣೆಯಿಂದ ಪ್ರೋಟೀನ್ ಅಳೆಯುವ ಬಿಸಿಎ ವಿಧಾನ ಬಳಸಿ.

ಇದೇ ದಾರಿಯಲ್ಲಿ ಕೋಳಿ ಮಾಂಸದಿಂದಲೂ ಟ್ರೋಪೋಮಯೋಸಿನ್ ತೆಗೆದಿಟ್ಟುಕೊಳ್ಳಿ. ರಚನೆಯಲ್ಲಿ ಸಿಗಡಿಯದರ ದಾಯಾದಿ ಅದು. ಹಂತ 7ರಲ್ಲಿ, ಬೇಡದ್ದಕ್ಕೆ ಅಂಟುವ ಎಳೆಗಳನ್ನು ಹೊರಗಿಡುವ ಜರಡಿಯಾಗಿ ಬೇಕಾಗುತ್ತದೆ.

ಹಂತ 3: ಮಣಿಯ ಮೇಲೆ ಕೂರಿಸುವುದು

ಮಣಿಯ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಪಿಎಚ್ 5ರ ಎಂಇಎಸ್ (ಪಿಎಚ್ ಸ್ಥಿರವಾಗಿಡುವ) ದ್ರಾವಣದಲ್ಲೇ ಪ್ರೋಟೀನ್ ಬೆರೆಸಿ ಎಂದಿರುತ್ತದೆ. ನಮ್ಮ ಪ್ರೋಟೀನಿಗೆ ಅದು ಅಪಾಯ. ಪಿಎಚ್ 4.6ರ ಹತ್ತಿರ ಅದು ಕರಗಿರುವುದಿಲ್ಲವೆಂದು ಹಿಂದಿನ ಹಂತದಲ್ಲಿ ನೀವೇ ಕಣ್ಣಾರೆ ನೋಡಿದ್ದೀರಿ. ಕೊಳವೆಯ ಗೋಡೆಯ ಮೇಲೆ ಮಣಿಗಳು ಮರಳಿನಂತೆ ಗಂಟುಗಟ್ಟಿದರೆ ಇದೇ ಕಾರಣ.

ಕೆಲಸವನ್ನು ಎರಡಾಗಿ ಒಡೆಯಿರಿ. ಮೊದಲು ಪಿಎಚ್ 6ರ ಎಂಇಎಸ್‌ನಲ್ಲಿ ಇಡಿಸಿ ಮತ್ತು ಬೆಸುಗೆಯಲ್ಲಿ ಅದರ ಜೊತೆಗಾರ ಎನ್‌ಎಚ್‌ಎಸ್ ಹಾಕಿ ಬರಿ ಮಣಿಯನ್ನು 20 ನಿಮಿಷ ಸಜ್ಜು ಮಾಡಿ. ಬೇಗನೆ ತೊಳೆದು, ಪಿಎಚ್ 7.4ರ ಫಾಸ್ಫೇಟ್ ದ್ರಾವಣದಲ್ಲಿರುವ ಪ್ರೋಟೀನನ್ನು ಸೇರಿಸಿ 2 ಗಂಟೆ ತಿರುಗಿಸಿ. ಕೊನೆಯಲ್ಲಿ ಟ್ರಿಸ್ ಹಾಕಿ ಉಳಿದ ಜಾಗಗಳನ್ನು ಮುಚ್ಚಿ. ಈ ಟ್ರಿಸ್ ಮೊದಲೇ ದ್ರಾವಣದಲ್ಲಿದ್ದರೆ ಪ್ರೋಟೀನಿಗೆ ಕೂರಲು ಜಾಗವೇ ಸಿಗುವುದಿಲ್ಲ. ನೋಡುವವರಿಗೆ ಸಣ್ಣ ತಪ್ಪು, ವಾರವಿಡೀ ಹಾಳು.

ಅದೇ ಹೊತ್ತಿಗೆ ಇನ್ನೊಂದು ಕೊಳವೆಯಲ್ಲಿ ಪ್ರೋಟೀನ್ ಇಲ್ಲದೆ ಇದೇ ಎಲ್ಲವನ್ನೂ ಮಾಡಿ ಖಾಲಿ ಮಣಿ ಸಿದ್ಧಪಡಿಸಿ. ಡಬ್ಬಿಯಿಂದ ತೆಗೆದ ಹಸಿ ಮಣಿ ಖಾಲಿ ಮಣಿಯಾಗುವುದಿಲ್ಲ, ಅದರ ಮೈ ಬೇರೆ.

ಹಂತ 4: ಲೈಬ್ರರಿ ಮತ್ತು ಮೊದಲ ಸುತ್ತು

ನಡುವೆ 40 ಯಾದೃಚ್ಛಿಕ ಅಕ್ಷರ, ಎರಡೂ ತುದಿಯಲ್ಲಿ ಪ್ರೈಮರ್ (ಪಿಸಿಆರ್ ನಕಲನ್ನು ಶುರು ಮಾಡುವ ಚಿಕ್ಕ ಎಳೆ) ಕೂರಲು 20 ಅಕ್ಷರದ ಜಾಗ, ಒಟ್ಟು 80. ತರಿಸುವಾಗ ಎರಡು ವಿಷಯ ಬರೆದು ಕೊಡಿ: ಜೆಲ್‌ನಲ್ಲಿ ಶುದ್ಧ ಮಾಡಿರಬೇಕು; ನಾಲ್ಕು ಅಕ್ಷರಗಳ ಮಿಶ್ರಣವನ್ನು ಅವು ಕೂಡಿಕೊಳ್ಳುವ ವೇಗಕ್ಕೆ ತಕ್ಕಂತೆ ಸರಿದೂಗಿಸಿರಬೇಕು. ಇಲ್ಲವಾದರೆ ಒಂದೆರಡು ಅಕ್ಷರಗಳೇ ತುಂಬಿಕೊಂಡ ಲೈಬ್ರರಿ ಬರುತ್ತದೆ. ಮುಚ್ಚಳ ತೆರೆಯುವ ಮೊದಲು ಕೊಳವೆಯನ್ನು ಒಮ್ಮೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಒಣ ಡಿಎನ್‌ಎ ಹಗುರ ಪೊರೆಯಂತಿದ್ದು, ಮುಚ್ಚಳದ ಜೊತೆಗೇ ಹಾರಿಹೋಗುತ್ತದೆ.

ಲೆಕ್ಕ ಒಮ್ಮೆ ಮನಸ್ಸಿನಲ್ಲಿ ಕೂರಲಿ. 40 ಅಕ್ಷರಗಳಿಂದ ಸಾಧ್ಯವಿರುವ ಸರಣಿಗಳು ಸುಮಾರು 10ರ 24ನೇ ಘಾತದಷ್ಟು. 1 ನ್ಯಾನೋಮೋಲ್ ಲೈಬ್ರರಿಯಲ್ಲಿ ಇರುವುದು ಸುಮಾರು 6 ಗುಣಿಸು 10ರ 14ನೇ ಘಾತ ಎಳೆಗಳು. ಅಂದರೆ ಸುಮಾರು 200 ಕೋಟಿ ಸರಣಿಗಳಿಗೆ ಒಂದು ಮಾತ್ರ ನಿಮ್ಮ ಕೊಳವೆಯಲ್ಲಿದೆ, ಅದೂ ಹೆಚ್ಚುಕಡಿಮೆ ಒಂದೊಂದೇ ಪ್ರತಿ. ಮೊದಲ ಸುತ್ತಿನಲ್ಲಿ ಕಳೆದುಕೊಂಡದ್ದು ಮತ್ತೆ ಸಿಗದು. ಹಾಗಾಗಿ ಈ ಸುತ್ತಿನಲ್ಲಿ ಜರಡಿ ಬೇಡ, ಕಠಿಣ ತೊಳೆತ ಬೇಡ, ಬಿಡಿಸಿದ ಎಳೆಗಳಲ್ಲಿ ಒಂದು ಹನಿಯೂ ಪಿಸಿಆರ್‌ನ ಹೊರಗೆ ಉಳಿಯುವುದು ಬೇಡ.

ಕ್ರಮ ಹೀಗೆ. 1 ನ್ಯಾನೋಮೋಲ್ ಲೈಬ್ರರಿಯನ್ನು 500 ಮೈಕ್ರೋಲೀಟರ್ ಬಂಧನ ದ್ರಾವಣದಲ್ಲಿ, ಅಂದರೆ 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಸೇರಿಸಿದ ಫಾಸ್ಫೇಟ್ ದ್ರಾವಣದಲ್ಲಿ, 95 ಡಿಗ್ರಿಗೆ 5 ನಿಮಿಷ ಕಾಯಿಸಿ. ಮಂಜಿನ ಮೇಲೆ 10 ನಿಮಿಷ, ಹೊರಗೆ 10 ನಿಮಿಷ ಇಡಿ. ಎಳೆಗಳು ಮಡಚಿಕೊಂಡು ತಮ್ಮ ಆಕಾರ ಹಿಡಿಯುವುದು ಆಗಲೇ. ಸುಮಾರು 200 ಪಿಕೋಮೋಲ್ ಗುರಿ ಇರುವ ಮಣಿಗೆ ಸೇರಿಸಿ 1 ಗಂಟೆ ಮೆಲ್ಲಗೆ ತಿರುಗಿಸಿ. ಎರಡು ಸಲ ತೊಳೆಯಿರಿ. ಮಣಿಗಳನ್ನು ಹೊಸ ಕೊಳವೆಗೆ ದಾಟಿಸಿದ ಮೇಲೆಯೇ 95 ಡಿಗ್ರಿ ನೀರಿನಲ್ಲಿ ಎಳೆಗಳನ್ನು ಬಿಡಿಸಿ. ಕೊಳವೆ ಬದಲಿಸದಿದ್ದರೆ ಗೋಡೆಗೆ ಅಂಟಿದ ಎಳೆಗಳೂ ಮೆರವಣಿಗೆಯಲ್ಲಿ ಸೇರಿಕೊಳ್ಳುತ್ತವೆ.

"ಕೋಣೆಯ ತಾಪಮಾನ" ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯುವುದನ್ನು ಬಿಡಿ. ಹವಾನಿಯಂತ್ರಣ ನಡೆಯುವಾಗ ನಮ್ಮ ಕೋಣೆ 23 ಡಿಗ್ರಿ, ಕರೆಂಟು ಹೋದ ಏಪ್ರಿಲ್ ಮಧ್ಯಾಹ್ನ 33. ಎಳೆಯ ಮಡಿಕೆ ಈ ಹತ್ತು ಡಿಗ್ರಿಯಲ್ಲಿ ಬದಲಾಗಬಲ್ಲದು. 25 ಎಂದು ನಿರ್ಧರಿಸಿದರೆ ಪ್ರತಿ ಸುತ್ತೂ 25ರಲ್ಲೇ ನಡೆಯಲಿ.

ಹಂತ 5: ಪಿಸಿಆರ್, ಹೆಚ್ಚಿನವರು ಮುಗ್ಗರಿಸುವ ಜಾಗ

ಸಾಮಾನ್ಯ ಪಿಸಿಆರ್‌ನಲ್ಲಿ 30, 35 ಆವರ್ತ (ಸೈಕಲ್) ಓಡಿಸಿ ಅಭ್ಯಾಸವಾದ ಕೈ ಇಲ್ಲಿಯೂ ಅದನ್ನೇ ಮಾಡುತ್ತದೆ. ಇಲ್ಲಿ ಅಚ್ಚು, ಅಂದರೆ ನಕಲಾಗಬೇಕಾದ ಡಿಎನ್‌ಎ, ಒಂದೇ ಸರಣಿಯದಲ್ಲ, ಕೋಟ್ಯಂತರ ಸರಣಿಗಳ ಸಂತೆ. ಪ್ರೈಮರ್ ಸಾಕಷ್ಟು ಇರುವವರೆಗೆ ಎಲ್ಲ ಸರಿ. ಅದು ಕಡಿಮೆಯಾದ ಕೂಡಲೇ ಒಂದು ಸರಣಿಯ ನಡುಭಾಗ ಇನ್ನೊಂದರ ನಡುಭಾಗಕ್ಕೆ ಅರೆಬರೆ ಹೊಂದಿಕೊಂಡು ತಾನೇ ಪ್ರೈಮರಿನಂತೆ ವರ್ತಿಸುತ್ತದೆ. 80ರ ಎಳೆ 120 ಆಗುತ್ತದೆ, 200 ಆಗುತ್ತದೆ. ಮೊದಲು ಹೇಳಿದ ಹೊಗೆ ಹುಟ್ಟುವುದು ಹೀಗೆ. ಒಮ್ಮೆ ಹುಟ್ಟಿದರೆ ಮುಂದಿನ ಸುತ್ತುಗಳಲ್ಲಿ ಅದು ಕಡಿಮೆಯಾಗದು.

ಆದ್ದರಿಂದ ಪ್ರತಿ ಸುತ್ತಿನಲ್ಲೂ, ಪ್ರತಿ ಸುತ್ತಿನಲ್ಲೂ ಎಂದು ಮತ್ತೆ ಹೇಳುತ್ತೇನೆ, ಮೊದಲೊಂದು ಪರೀಕ್ಷಾ ಪಿಸಿಆರ್ ಮಾಡಿ. 100 ಮೈಕ್ರೋಲೀಟರ್ ಮಿಶ್ರಣ ಹಾಕಿ. 6, 8, 10, 12, 15, 18ನೇ ಆವರ್ತಗಳ ಕೊನೆಯಲ್ಲಿ 8 ಮೈಕ್ರೋಲೀಟರಿನಂತೆ ತೆಗೆದಿಡಿ. ಎಲ್ಲವನ್ನೂ 10 ಶೇಕಡಾ ಅಕ್ರಿಲಮೈಡ್ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಿ. ಎಡದಿಂದ ಬಲಕ್ಕೆ ನೋಡುತ್ತ ಹೋದರೆ 80ರ ಗೆರೆ ಮೊದಲು ಮಸುಕಾಗಿ, ನಂತರ ಸ್ಪಷ್ಟವಾಗಿ, ಕಡೆಗೆ ಮೇಲ್ಗಡೆ ನೆರಳು ಹೊತ್ತುಕೊಂಡು ಕಾಣುತ್ತದೆ. ನೆರಳು ಮೂಡಿದ ಸಾಲಿನ ಹಿಂದಿನ ಸಾಲು ಯಾವುದೋ ಅದೇ ನಿಮ್ಮ ಆವರ್ತ ಸಂಖ್ಯೆ. 12 ಎಂದು ಬಂದರೆ 12. ಗೆರೆ ದಪ್ಪವಾಗಲೆಂದು ಇನ್ನೆರಡು ಸೇರಿಸುವ ಆಸೆ ಬೇಡ. ಹೆಚ್ಚು ಡಿಎನ್‌ಎ ಬೇಕಿದ್ದರೆ ಆವರ್ತ ಹೆಚ್ಚಿಸಬೇಡಿ, ಕೊಳವೆಗಳ ಸಂಖ್ಯೆ ಹೆಚ್ಚಿಸಿ. ಮೊದಲ ಸುತ್ತಿನಲ್ಲಿ ಮಾತ್ರ ಪರೀಕ್ಷೆಗೆಂದು ಅಮೂಲ್ಯ ಎಳೆಗಳನ್ನು ಬೇರೆ ತೆಗೆಯದೆ, ಇಡೀ ಮಿಶ್ರಣವನ್ನು ಹಲವು ಕೊಳವೆಗಳಿಗೆ ಹಂಚಿ, ಒಂದನ್ನು ಮುಂದೆ ಓಡಿಸಿ ನೋಡಿ.

ಅಚ್ಚು ಇಲ್ಲದ ಕೊಳವೆ ಪ್ರತಿ ಸಲವೂ ಇರಲಿ. ಅದರಲ್ಲಿ 80ರ ಗೆರೆ ಕಂಡರೆ ಸೋಂಕು ತಗುಲಿದೆ ಎಂದರ್ಥ. ಎಲ್ಲ ದ್ರಾವಣಗಳನ್ನು ಚೆಲ್ಲಿ ಹೊಸದು ತೆರೆಯಿರಿ. ಪಿಸಿಆರ್ ಮಿಶ್ರಣ ಮಾಡುವ ಮೇಜು ಒಂದು ಕೋಣೆಯಲ್ಲಿ, ಮುಗಿದ ಕೊಳವೆ ತೆರೆಯುವುದು ಇನ್ನೊಂದರಲ್ಲಿ. ನಮ್ಮೂರಿನ ಸೆಕೆಗೆ ಸೀಲಿಂಗ್ ಫ್ಯಾನ್ ಹಾಕದೆ ಕೂರುವುದು ಕಷ್ಟವೆಂದು ನನಗೂ ಗೊತ್ತು. ಆದರೆ ತೆರೆದ ಕೊಳವೆಯಿಂದ ಹಾರುವ ಕಣ್ಣಿಗೆ ಕಾಣದ ತುಂತುರನ್ನು ಇಡೀ ಕೋಣೆಗೆ ಹಂಚುವುದು ಆ ಫ್ಯಾನೇ. ಮಿಶ್ರಣದ ಹೊತ್ತು ಆರಿಸಿ, ಬೆವರಿರಿ.

ಕರೆಂಟು ಹೋಗಿ ಬಂದರೆ ಕೆಲವು ಯಂತ್ರಗಳು ನಿಂತ ಕಡೆಯಿಂದ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಶುರು ಮಾಡುತ್ತವೆ. ಎಷ್ಟು ಆವರ್ತ ಆಯಿತೆಂದು ಗೊತ್ತಿಲ್ಲದ ಕೊಳವೆಯನ್ನು ಉಳಿಸಿಕೊಳ್ಳಬೇಡಿ. ಯುಪಿಎಸ್ ಇಲ್ಲದೆ ಆಷಾಢದಲ್ಲಿ ಈ ಕೆಲಸಕ್ಕೆ ಇಳಿಯುವುದೇ ಬೇಡ.

ಹಂತ 6: ಜೋಡಿಯಿಂದ ಒಂಟಿ ಎಳೆಗೆ

ಪಿಸಿಆರ್ ಕೊಡುವುದು ಜೋಡಿ ಎಳೆ. ಮಡಚಿಕೊಂಡು ಗುರಿಗೆ ಅಂಟುವುದು ಒಂಟಿ ಎಳೆ. ಜೋಡಿಯನ್ನೇ ಕಾಯಿಸಿ ಮುಂದಿನ ಸುತ್ತಿಗೆ ಹಾಕಿದರೆ ತಣಿಯುವಾಗ ಎರಡೂ ಮತ್ತೆ ಕೂಡಿಕೊಳ್ಳುತ್ತವೆ.

ಹಿಂದಿನ (ರಿವರ್ಸ್) ಪ್ರೈಮರಿನ ತುದಿಗೆ ಸ್ಟ್ರೆಪ್ಟಾವಿಡಿನ್‌ಗೆ ಗಟ್ಟಿಯಾಗಿ ಅಂಟುವ ಬಯೋಟಿನ್, ಮುಂದಿನ (ಫಾರ್ವರ್ಡ್) ಪ್ರೈಮರಿನ ತುದಿಗೆ ಹೊಳೆಯುವ ಬಣ್ಣವಾದ ಫ್ಲೋರೆಸೀನ್ ಇರಲಿ. ಮಿಕ್ಕ ಪ್ರೈಮರನ್ನು ಕಾಲಂನಲ್ಲಿ ತೆಗೆದುಹಾಕಿ. ಬಯೋಟಿನ್ ಇರುವ ಮಿಕ್ಕ ಪ್ರೈಮರೇ ಮಣಿಯ ಜಾಗವನ್ನೆಲ್ಲ ತಿಂದುಹಾಕುತ್ತದೆ. ಉಳಿದದ್ದನ್ನು ಸ್ಟ್ರೆಪ್ಟಾವಿಡಿನ್ ಮಣಿಗೆ ಹಿಡಿಸಿ ತೊಳೆದು, 100 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 5 ನಿಮಿಷ ಬಿಟ್ಟರೆ ಬೇಕಾದ ಎಳೆ ಕಳಚಿ ದ್ರಾವಣಕ್ಕೆ ಬರುತ್ತದೆ. ಮಣಿಯಿಂದ ಬೇರೆ ಮಾಡಿದ ತಕ್ಷಣ ಆಮ್ಲದಿಂದ ತಟಸ್ಥಗೊಳಿಸಿ. ಹೈಡ್ರಾಕ್ಸೈಡ್ ಬದಲು ಕುದಿಸಿದರೆ ಬಯೋಟಿನ್ ಬಂಧವೇ ಸಡಿಲವಾಗಿ ಬೇಡದ ಎಳೆಯೂ ಜೊತೆಗೆ ಬರುತ್ತದೆ. ಲ್ಯಾಂಬ್ಡಾ ಎಕ್ಸೋನ್ಯೂಕ್ಲಿಯೇಸ್ ಕಿಣ್ವದ ದಾರಿಯೂ ಇದೆ. ಅದರಲ್ಲಿ ಬೇಡದ ಎಳೆಯ ತುದಿಗೆ ಫಾಸ್ಫೇಟ್ ಇರಬೇಕು, ಅರ್ಧ ಜೀರ್ಣವಾದ ಎಳೆಗಳ ಬಗ್ಗೆ ಎಚ್ಚರ ಬೇಕು.

ಅಳೆಯುವಾಗ ಯಂತ್ರದಲ್ಲಿ ಒಂಟಿ ಎಳೆಯ ಗುಣಕ 33 ಆರಿಸಿ. ಜೋಡಿ ಎಳೆಯ 50 ಹಾಗೇ ಉಳಿದಿದ್ದರೆ ಇರುವುದಕ್ಕಿಂತ ಒಂದೂವರೆ ಪಟ್ಟು ಇದೆಯೆಂದು ತೋರಿಸುತ್ತದೆ.

ಹಂತ 7: ಎರಡನೇ ಸುತ್ತಿನಿಂದ ಬಿಗಿ ಮಾಡುವುದು

ಎರಡು, ಮೂರನೇ ಸುತ್ತಿನಲ್ಲಿ 100 ಪಿಕೋಮೋಲ್ ಎಳೆ, ಅಷ್ಟೇ ಗುರಿ. ಎಳೆಗಳನ್ನು ಮೊದಲು ಖಾಲಿ ಮಣಿಯ ಜೊತೆ ಅರ್ಧ ಗಂಟೆ ಬಿಟ್ಟು, ಅಂಟದೆ ಉಳಿದವನ್ನು ಮಾತ್ರ ಗುರಿಗೆ ಕೊಡಿ. ನಾಲ್ಕನೇ ಸುತ್ತಿನಿಂದ ಖಾಲಿ ಮಣಿಯ ಜೊತೆಗೆ ಕೋಳಿ ಟ್ರೋಪೋಮಯೋಸಿನ್ ಮಣಿಯನ್ನೂ ಜರಡಿಯಾಗಿ ಹಿಡಿಯಿರಿ. ಆರರ ನಂತರ ಗುರಿ 10 ಪಿಕೋಮೋಲ್, ಸಮಯ 15 ನಿಮಿಷ, ತೊಳೆತ ಆರರಿಂದ ಎಂಟು. ಟಿಆರ್‌ಎನ್‌ಎ ಮತ್ತು ಬಿಎಸ್‌ಎ ದ್ರಾವಣದಲ್ಲಿರಲಿ, ಅವು ಎಲ್ಲೆಂದರಲ್ಲಿ ಅಂಟುವ ಎಳೆಗಳಿಗೆ ಪೈಪೋಟಿ ಕೊಡುತ್ತವೆ.

ಒಂದೇ ಸುತ್ತಿನಲ್ಲಿ ಗುರಿ, ಸಮಯ, ತೊಳೆತ ಮೂರನ್ನೂ ಬಿಗಿ ಮಾಡಬೇಡಿ. ಏನೂ ಉಳಿಯದೆ ಹೋದಾಗ ಕಾರಣ ಯಾವುದೆಂದು ತಿಳಿಯದು. ಪ್ರತಿ ಸುತ್ತಿನ ಪಿಸಿಆರ್ ಫಲವನ್ನು ಸ್ವಲ್ಪ ಫ್ರೀಜರಿನಲ್ಲಿ ಇಡಿ. ಏಳನೇ ಸುತ್ತು ಕೆಟ್ಟರೆ ಆರಕ್ಕೆ ಮರಳಬಹುದು. ಇಟ್ಟಿರದಿದ್ದರೆ ಬೈತಖೋಲಿಗೆ ಮತ್ತೆ ಸಿಗಡಿ ತರಲು ಹೋಗಬೇಕು.

ನಮ್ಮ ಗುರಿ ತಟಸ್ಥ ಪಿಎಚ್‌ನಲ್ಲಿ ಋಣ ವಿದ್ಯುದಂಶದ್ದು, ಡಿಎನ್‌ಎಯೂ ಹಾಗೆಯೇ. ಒಂದನ್ನೊಂದು ದೂಡುತ್ತವೆ. ಆದ್ದರಿಂದ ಮೊದಲ ಮೂರ್ನಾಲ್ಕು ಸುತ್ತು ಫಲ ತೀರಾ ಕಡಿಮೆ ಇದ್ದರೆ ಗಾಬರಿ ಬೇಡ. ಇದಕ್ಕೆ ತದ್ವಿರುದ್ಧ ಲೈಸೋಜೈಮ್‌ನಂಥ ಧನ ವಿದ್ಯುದಂಶದ ಪ್ರೋಟೀನ್. ಅದಕ್ಕೆ ಯಾವ ಎಳೆಯಾದರೂ ಅಂಟುತ್ತದೆ, ಹೊಸಬರು ಎರಡನೇ ಸುತ್ತಿಗೇ ಗೆದ್ದೆವೆಂದು ಕುಣಿಯುತ್ತಾರೆ.

ಹಂತ 8: ನಿಲ್ಲಿಸುವುದು ಯಾವಾಗ

ಸುತ್ತಿನ ಎಣಿಕೆ ನೋಡಿ ನಿಲ್ಲಿಸಬೇಡಿ. ಒಂದೇ ಪ್ರಮಾಣದ ಎಳೆಯನ್ನು ಗುರಿ ಮಣಿಗೂ ಖಾಲಿ ಮಣಿಗೂ ಬೇರೆ ಬೇರೆ ಕೊಟ್ಟು, ಅಂಟಿದ್ದನ್ನು ಬಿಡಿಸಿ ರಿಯಲ್‌ಟೈಮ್ ಪಿಸಿಆರ್‌ನಲ್ಲಿ ಅಳೆಯಿರಿ. ಎರಡರ ಸಿಟಿ ಅಂಕೆಯಲ್ಲಿ (ಹೊಳಪು ಗೊತ್ತಾದ ಮಟ್ಟ ದಾಟುವ ಆವರ್ತದ ಸಂಖ್ಯೆ) 1ರ ಅಂತರವೆಂದರೆ ಸುಮಾರು ಎರಡು ಪಟ್ಟು, 3ರ ಅಂತರವೆಂದರೆ ಎಂಟು ಪಟ್ಟು. ಈ ಅಂತರ ಸುತ್ತಿನಿಂದ ಸುತ್ತಿಗೆ ಹಿಗ್ಗುತ್ತಿರಬೇಕು. ಎರಡೂ ಕಡೆ ಒಟ್ಟಿಗೆ ಏರುತ್ತಿದ್ದರೆ ನೀವು ಸಾಕುತ್ತಿರುವುದು ಮಣಿಗೆ ಅಂಟುವವರನ್ನು. ಜೋಡಿ ಎಳೆಗಳು ಯಾವ ತಾಪದಲ್ಲಿ ಬಿಡಿಸಿಕೊಳ್ಳುತ್ತವೆಂದು ತೋರಿಸುವ ಕರಗುವಿಕೆಯ ರೇಖೆಯನ್ನೂ ನೋಡಿ: ವೈವಿಧ್ಯ ಕಡಿಮೆಯಾಗಿ ಕೆಲವೇ ಸರಣಿಗಳು ಉಳಿಯುತ್ತ ಬಂದಂತೆ ಅದರ ಶಿಖರ ಹೆಚ್ಚಿನ ತಾಪದ ಕಡೆಗೆ ಸರಿಯುತ್ತದೆ. ಅಂತರ ಹಿಗ್ಗುವುದು ನಿಂತು ಎರಡು ಸುತ್ತು ಕಳೆಯಿತೇ, ಅಲ್ಲಿಗೆ ಸಾಕು.

ಹಂತ 9: ಸರಣಿ ಓದಿಸಿ, ಆರಿಸುವುದು

ಕೊನೆಯ ಸುತ್ತನ್ನು ಮಾತ್ರ ಓದಿಸಲು ಕಳಿಸಬೇಡಿ, ನಡುವಿನ ಎರಡು ಸುತ್ತುಗಳನ್ನೂ ಕಳಿಸಿ. ಕೊನೆಯಲ್ಲಿ ಅತಿ ಹೆಚ್ಚು ಇರುವ ಸರಣಿ ಅತಿ ಚೆನ್ನಾಗಿ ಅಂಟುವುದೆಂದೇನೂ ಇಲ್ಲ, ಪಿಸಿಆರ್‌ಗೆ ಮುದ್ದಿನದು ಇರಬಹುದು. ಸುತ್ತಿನಿಂದ ಸುತ್ತಿಗೆ ವೇಗವಾಗಿ ಏರಿದ, ಹೋಲುವ ಬಂಧುಗಳಿರುವ ಕುಟುಂಬಗಳನ್ನು ನೋಡಿ, ಎಂಟರಿಂದ ಹತ್ತು ಆರಿಸಿ.

ಹಂತ 10: ನಿಜಕ್ಕೂ ಅಂಟುತ್ತದೆಯೇ?

ಮೊದಲು ನಿಮ್ಮ ಅಳತೆಯ ವಿಧಾನವನ್ನೇ ಪರೀಕ್ಷಿಸಿ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟುವ 15 ಅಕ್ಷರದ ಹಳೆಯ ಆಪ್ಟಾಮರ್ ಒಂದಿದೆ: ಜಿಜಿ-ಟಿಟಿ-ಜಿಜಿ-ಟಿಜಿಟಿ-ಜಿಜಿ-ಟಿಟಿ-ಜಿಜಿ. ಅದು ಮಡಚಿಕೊಳ್ಳಲು ಪೊಟ್ಯಾಸಿಯಂ ನೆರವಾಗುತ್ತದೆ. ಅದನ್ನೂ ಥ್ರಾಂಬಿನನ್ನೂ ನಿಮ್ಮ ಸಲಕರಣೆಯಲ್ಲಿ ಇಟ್ಟಾಗ ಅಂಟು ಕಾಣದಿದ್ದರೆ, ದೋಷ ನಿಮ್ಮ ಹೊಸ ಎಳೆಗಳದ್ದಲ್ಲ.

ನಂತರ ಆರಿಸಿದ ಪ್ರತಿ ಎಳೆಯನ್ನು 2 ನ್ಯಾನೋಮೋಲಾರ್‌ನಲ್ಲಿ ಸ್ಥಿರವಾಗಿಟ್ಟು, ಪ್ರೋಟೀನನ್ನು 1ರಿಂದ 2000 ನ್ಯಾನೋಮೋಲಾರ್‌ವರೆಗೆ ಏರಿಸುತ್ತ ಹೋಗಿ. ಜೊತೆಗೆ ಮೂರು ಸಾಕ್ಷಿ ಬೇಕು: ಅದೇ ಅಕ್ಷರಗಳನ್ನು ಕಲಸಿ ಬರೆದ ಎಳೆ, ಕೋಳಿ ಟ್ರೋಪೋಮಯೋಸಿನ್, ಬಿಎಸ್‌ಎ. ಕಲಸಿದ ಎಳೆಯೂ ಸಮಾನವಾಗಿ ಅಂಟಿದರೆ ಆ ಅಭ್ಯರ್ಥಿಯನ್ನು ಕೈಬಿಡಿ. ಎಳೆ ಹೊದ್ದ ಚಿನ್ನದ ನ್ಯಾನೋಕಣದ ಬಣ್ಣ ಬದಲಾಯಿತೆಂಬುದೊಂದನ್ನೇ ಪುರಾವೆಯಾಗಿ ತರುವವರಿದ್ದಾರೆ. ಗುರಿ ಅಣು ನೇರವಾಗಿ ಚಿನ್ನಕ್ಕೆ ಅಂಟಿದರೂ ಬಣ್ಣ ಬದಲಾಗುತ್ತದೆ. ಎರಡನೇ ವಿಧಾನವಿಲ್ಲದೆ ಅದನ್ನು ನಂಬಬೇಡಿ.

ಹಂತ 11: ಸಾರಿನ ಪಾತ್ರೆಯಲ್ಲಿ

ಶುದ್ಧ ದ್ರಾವಣದಲ್ಲಿ ಗೆದ್ದ ಎಳೆ ಊಟದ ತಟ್ಟೆಯಲ್ಲಿ ಸೋಲುವುದುಂಟು. ನಮ್ಮ ಕಡೆಯ ಸಾರಿಗೆ ಮುರುಗಲು ಬೀಳುತ್ತದೆ, ಘಟ್ಟದ ಮೇಲೆ ಉಪ್ಪಾಗೆ. ಎರಡೂ ಒಳ್ಳೆಯ ಹುಳಿ. ಪಿಎಚ್ ಇಳಿದಾಗ ಟ್ರೋಪೋಮಯೋಸಿನ್ ಹಂತ 2ರಲ್ಲಿ ಆದಂತೆಯೇ ತಳ ಸೇರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಪರೀಕ್ಷಿಸಿದವರಿಗೆ "ಸಿಗಡಿ ಇಲ್ಲ" ಎಂಬ ಉತ್ತರ ಸಿಗುತ್ತದೆ. ಅಲರ್ಜಿ ಇರುವವರ ಪಾಲಿಗೆ ಇದಕ್ಕಿಂತ ಕೆಟ್ಟ ತಪ್ಪು ಇಲ್ಲ. ಮಾದರಿಯ ಪಿಎಚ್ ಅನ್ನು 8ಕ್ಕೆ ಏರಿಸಿ, ಉಪ್ಪು ಸೇರಿಸಿ, ಚೆನ್ನಾಗಿ ಕಲಕಿ, ಆಮೇಲೆ ಸೋಸಿ. ತೆಂಗಿನ ಹಾಲಿನ ಜಿಡ್ಡನ್ನು ತಂಪು ಸೆಂಟ್ರಿಫ್ಯೂಜ್‌ನಲ್ಲಿ ತೆಗೆಯಿರಿ.

ಇನ್ನು ಅರಿಶಿಣ. ನೀಲಿ ಬೆಳಕು ಬಿದ್ದರೆ ಅದು ತಾನೇ ಹಸಿರಾಗಿ ಹೊಳೆಯುತ್ತದೆ, ಫ್ಲೋರೆಸೀನ್ ಹೊಳೆಯುವ ಬಣ್ಣವೂ ಹಸಿರೇ. ಸಿಗಡಿಯ ಸುಳಿವಿಲ್ಲದ ಬೇಳೆ ಸಾರು ನಮ್ಮ ಯಂತ್ರದಲ್ಲಿ ಒಮ್ಮೆ ಎಲ್ಲಕ್ಕಿಂತ ಹೆಚ್ಚು ಅಂಕ ಗಳಿಸಿತ್ತು. ಅಂದಿನಿಂದ ಅಡುಗೆಯ ಮಾದರಿಗಳಿಗೆ ಕೆಂಪಾಗಿ ಹೊಳೆಯುವ ಸೈ-5 ಹಚ್ಚಿದ ಎಳೆಯನ್ನೇ ಬಳಸುತ್ತೇವೆ, ಮತ್ತು ಪ್ರತಿ ತಟ್ಟೆಯ ಮೊದಲ ಸಾಲಿನಲ್ಲಿ ಸಿಗಡಿ ಇಲ್ಲದ ಅರಿಶಿಣದ ಸಾರು ಇರುತ್ತದೆ.